ಹೊಟ್ಟೆಯೊಳಗಿನ ಬಟ್ಟೆಗೆ ತಜ್ಞರ ಸಾಕ್ಷಿ ಬೇಕಾ?

ಹರಿಹರದ ನಮ್ಮ ಚಿಗವ್ವ ಪೌರಕಾರ್ಮಿಕರು. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೇಲಿ ಗರ್ಭಕೋಶದ ಆಪರೇಷನ್ ಆದ್ಮೇಲೆ ತಿಂಗಳುಗಟ್ಟಲೆ ಹೊಟ್ಟೆನೋವು. "ಒಳಗೆ ಏನೋ ಐತ್ರಿ ಡಾಕ್ಟ್ರೇ" ಅಂದ್ರೆ "ನಿಂಗೇನ್ ಗೊತ್ತಾಗುತ್ತೆ" ಅಂದ್ರು. ಬೇರೆ ಕಡೆ ಹೊಟ್ಟೆ ಕೊಯ್ದಾಗ ಸಿಕ್ಕಿದ್ದು ಆಪರೇಷನ್ ಬಟ್ಟೆ.

ಕೇಸ್ ಹಾಕೋಕೆ ಹೋದ್ರೆ ವಕೀಲರೊಬ್ಬರು "ತಜ್ಞ ವೈದ್ಯರ ಅಭಿಪ್ರಾಯ ತನ್ನಿ" ಅಂದ್ರು. ಅಲೆದ್ವಿ. ಡಾಕ್ಟರ ವಿರುದ್ಧ ಡಾಕ್ಟರು ಯಾರು ಬರೆದುಕೊಡ್ತಾರೆ?

ಕಾನೂನು ಹಾಗೆ ಹೇಳಲ್ಲ ಗೆಳೆಯರೇ. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಆಪರೇಷನ್ ವೇಳೆ ಹೊಟ್ಟೆಯಲ್ಲಿ ಬಟ್ಟೆ ಬಿಟ್ಟಿದ್ದರಿಂದ ಬಾಣಂತಿಯೊಬ್ಬರು ತೀರಿಕೊಂಡರು. ಇಲ್ಲಿ ನಿರ್ಲಕ್ಷ್ಯ ತಾನೇ ಎದ್ದು ಕಾಣುತ್ತದೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2010ರ ವಿ. ಕಿಶನ್ ರಾವ್ ಪ್ರಕರಣದಲ್ಲಿ, ತಜ್ಞರ ಸಾಕ್ಷಿ ಪ್ರತಿ ಕೇಸಿಗೂ ಬೇಕಿಲ್ಲ, ಜಟಿಲ ಪ್ರಶ್ನೆಗಳಿಗೆ ಮಾತ್ರ ಎಂದಿತು.

ದುಡ್ಡು ಕೊಟ್ಟು ಚಿಕಿತ್ಸೆ ಪಡೆದವರು ಬಿಲ್ಲು, ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿ, ಎರಡನೇ ಆಪರೇಷನ್ನಿನ ದಾಖಲೆ ಜೋಪಾನ ಮಾಡಿ. ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ನಾವೂ ಕೊಡ್ತಿದೀವಿ.

ದಿನಾ ಊರು ಗುಡಿಸೋ ನಮ್ಮ ಚಿಗವ್ವನಿಗೆ, ಎಲ್ಲಿ ಏನು ಬಿದ್ದಿರಬಾರದು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಜೈ ಭೀಮ್.