ಅರ್ಧ ಗೇಣಿನ ಗೆಲುವು

ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ಎದುರಿಗೆ ವಿಶಾಲವಾದೊಂದು ಗದ್ದೆಯಿದೆ. ಊರಿನವರು ಅದನ್ನು ದೇವರಮಾರು ಗದ್ದೆಯೆಂದು ಕರೆಯುತ್ತಾರೆ. ಏಪ್ರಿಲ್ ಜಾತ್ರೆಯಲ್ಲಿ ಇಲ್ಲಿ ಬ್ರಹ್ಮರಥ ಎಳೆಯುತ್ತಾರೆ, ಸಿಡಿಮದ್ದು ಸುಡುತ್ತಾರೆ. ಅದಕ್ಕೂ ಮುನ್ನ, ಚಳಿಗಾಲದಲ್ಲಿ, ಇದೇ ಗದ್ದೆಯಲ್ಲಿ ‘ಕೋಟಿ–ಚೆನ್ನಯ’ ಜೋಡುಕರೆ ಕಂಬಳ. ಬೆಳಗ್ಗೆ ಆರಂಭವಾದದ್ದು ಆ ರಾತ್ರಿಯಲ್ಲೂ ಮುಗಿಯದೆ, ಮರುದಿನ ಬಿಸಿಲೇರುವವರೆಗೂ ನಡೆಯುವುದುಂಟು.

ಕರೆಯೆಂದರೆ ಕೋಣಗಳು ಓಡುವ ಕೆಸರಿನ ಹಾದಿ. ಅಕ್ಕಪಕ್ಕದಲ್ಲಿ ಎರಡು ಕರೆಗಳಿದ್ದರೆ ಜೋಡುಕರೆ. ತುಳುನಾಡಿನಲ್ಲಿ ಕರೆಗಳಿಗೂ ಜೋಡಿ ಹೆಸರಿಡುವ ಸಂಪ್ರದಾಯವಿದೆ. ಉಪ್ಪಿನಂಗಡಿಯಲ್ಲಿ ವಿಜಯ–ವಿಕ್ರಮ, ಮಿಯಾರಿನಲ್ಲಿ ಲವ–ಕುಶ, ವೇಣೂರಿನಲ್ಲಿ ಸೂರ್ಯ–ಚಂದ್ರ. ಪುತ್ತೂರಿಗೆ ಕೋಟಿ–ಚೆನ್ನಯರ ಹೆಸರೇ ಒಪ್ಪುತ್ತದೆ. ಪಾಡ್ದನಗಳು ಹೇಳುವ ಈ ಅವಳಿ ವೀರರ ಬಾಳು ಕಳೆದದ್ದು ಇದೇ ಸೀಮೆಯಲ್ಲಿ. ಹುಟ್ಟಿದ ಪಡುಮಲೆ ಪುತ್ತೂರು ತಾಲೂಕಿನಲ್ಲಿದೆ. ಗದ್ದೆಯ ವಿಷಯಕ್ಕೆ ಬುದ್ಯಂತನೊಡನೆ ಜಗಳವಾಗಿ ಊರು ಬಿಟ್ಟವರು ಪಂಜಕ್ಕೆ ಬಂದರು. ಅದು ಸುಳ್ಯ ತಾಲೂಕು. ಕೊನೆಗೆ ಆಶ್ರಯ ಸಿಕ್ಕಿದ್ದೂ ಪ್ರಾಣ ಬಿಟ್ಟದ್ದೂ ಎಣ್ಮೂರಿನಲ್ಲಿ. ಹಿಂದೆ ಸುಳ್ಯಕ್ಕೆ ಸೇರಿದ್ದ ಎಣ್ಮೂರು ಈಗ ಕಡಬ ತಾಲೂಕಿನಲ್ಲಿದೆ. ಮೂರು ತಾಲೂಕುಗಳ ಗಡಿ ಹಾಕಿದವರು ಕಂದಾಯ ಇಲಾಖೆಯವರಾದರೂ ಅವನ್ನು ಹೊಲಿದ ದಾರ ಈ ಕತೆಯೇ.

ಹೊರಗಿನವರ ಕಣ್ಣಿಗೆ ಕಂಬಳವೆಂದರೆ ಕೋಣಗಳ ಓಟ, ಅಷ್ಟೆ. ಒಳಗೆ ಹೊಕ್ಕರೆ ಅಲ್ಲೊಂದು ಶ್ರೇಣಿಯ ಏಣಿಯೇ ಇದೆ. ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ಆರು ವಿಭಾಗಗಳು. ಕಿರಿಯದಲ್ಲಿ ಪಳಗಿದ ಜೋಡಿ ಮುಂದೆ ಹಿರಿಯಕ್ಕೆ ಏರುತ್ತದೆ. ಒಬ್ಬರೇ ಯಜಮಾನರು ಒಂದಕ್ಕಿಂತ ಹೆಚ್ಚು ಜೋಡಿ ಇಳಿಸಿದರೆ ಅವರ ಹೆಸರಿನ ಮುಂದೆ ‘ಎ’, ‘ಬಿ’ ಎಂಬ ಗುರುತು ಬೀಳುತ್ತದೆ. ಒಂದೇ ಮನೆಯ ‘ಎ’ ಮತ್ತು ‘ಬಿ’ ಎದುರುಬದುರಾಗುವುದೂ ಉಂಟು! ಮೊದಲು ಲೀಗ್ ಹಂತ, ಆಮೇಲೆ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್. ಗೆದ್ದವರಿಗೆ ಪವನು ಲೆಕ್ಕದಲ್ಲಿ ಚಿನ್ನ. ಮರುದಿನದ ಪತ್ರಿಕೆಯಲ್ಲಿ ಪ್ರಥಮ, ದ್ವಿತೀಯ ಎಂದು ಯಜಮಾನರ ಹೆಸರು, ಅದರ ಕೆಳಗೆ ಕೋಣ ಓಡಿಸಿದವರ ಹೆಸರು. ಈ ಪಟ್ಟಿಯನ್ನು ಓದುವ ಶ್ರದ್ಧೆ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವ ಶ್ರದ್ಧೆಗೇನೂ ಕಡಿಮೆಯಲ್ಲ.

ಆದರೆ ಈ ಸ್ಥಾನಕ್ಕೆ ಆಯುಷ್ಯ ಕಡಿಮೆ. ನವೆಂಬರಿನಿಂದ ಬೇಸಿಗೆಯ ಹೊಸ್ತಿಲವರೆಗೆ ಒಂದೂರಿನ ಬಳಿಕ ಇನ್ನೊಂದೂರಿನಲ್ಲಿ ಕಂಬಳ. ಈ ವಾರದ ಪ್ರಥಮ ಮುಂದಿನ ವಾರ ಮತ್ತೆ ಗಂತಿನಲ್ಲಿ, ಅಂದರೆ ಓಟ ಹೊರಡುವ ಜಾಗದಲ್ಲಿ, ಎಲ್ಲರಂತೆ ಸರದಿ ಕಾಯಬೇಕು. ಹಿಂದಿನ ಪದಕ ಮನೆಯ ಕಪಾಟಿನಲ್ಲಿರುತ್ತದೆಯೇ ಹೊರತು ಕರೆಗೆ ಇಳಿದು ಓಡುವುದಿಲ್ಲ.

ವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಬೇಕಾದಷ್ಟು ಪಾಠವಿದೆ. ಈಗ ಲೇಸರ್ ಕಿರಣದ ನೆರವಿನಿಂದ ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಸಮಯ ಅಳೆಯುತ್ತಾರೆ. ಉತ್ತಮ ಜೋಡಿ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್ ಓಡುತ್ತದೆ. ಹಾಗಾದರೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಓಡುವ ದೂರ ಹತ್ತೂವರೆ ಸೆಂಟಿಮೀಟರ್, ಅಂದರೆ ಅರ್ಧ ಗೇಣು! ಇಡೀ ವರ್ಷ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಈಜಿಸಿ ಸಾಕಿದ ಕೋಣಗಳ ಸೋಲು–ಗೆಲುವನ್ನು ಈ ಅರ್ಧ ಗೇಣು ತೀರ್ಮಾನಿಸಿಬಿಡುತ್ತದೆ.

ಕನೆಹಲಗೆಯದು ಬೇರೆಯೇ ಲೆಕ್ಕ. ಅಲ್ಲಿ ವೇಗಕ್ಕಲ್ಲ, ನೀರಿನ ಎತ್ತರಕ್ಕೆ ಬೆಲೆ. ಕೋಣಗಳು ಎಳೆಯುವ ಹಲಗೆಯ ಮೇಲೆ ಓಡಿಸುವವನು ನಿಂತಿರುತ್ತಾನೆ. ಹಲಗೆಯ ತೂತುಗಳಿಂದ ಕೆಸರುನೀರು ಕಾರಂಜಿಯಂತೆ ಚಿಮ್ಮುತ್ತದೆ. ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ನಿಶಾನೆಯ ಬಟ್ಟೆ ಕಟ್ಟಿರುತ್ತಾರೆ. ನೀರು ಅದನ್ನು ಮುಟ್ಟಿದರೆ ಗೆಲುವು. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಚಿಮ್ಮಿದ ನೀರು ಸುಮಾರು ಐದು ಮೀಟರ್ ಏರುತ್ತದೆಂದು ಹೈಸ್ಕೂಲಿನ ಸೂತ್ರವೇ ಹೇಳುತ್ತದೆ. ಗಾಳಿಯ ತಡೆ, ಚದುರುವ ಹನಿ, ಓರೆಯಾದ ಚಿಮ್ಮು ಎಲ್ಲವೂ ಎತ್ತರವನ್ನು ಕಡಿಮೆ ಮಾಡುತ್ತವೆ. ಹಲಗೆಯ ಮೇಲೆ ನಿಲ್ಲುವವನಿಗೆ ಸೂತ್ರ ಗೊತ್ತಿಲ್ಲದಿರಬಹುದು. ಎಷ್ಟು ವಾಲಿದರೆ, ಎಲ್ಲಿ ಕಾಲು ಒತ್ತಿದರೆ ನೀರು ಏರುತ್ತದೆಂಬುದು ಮಾತ್ರ ಅಂಗಾಲಿಗೆ ಗೊತ್ತು.

2020ರ ಫೆಬ್ರವರಿಯಲ್ಲಿ ಕಂಬಳದ ಲೆಕ್ಕ ಜಗತ್ತಿಗೆಲ್ಲ ಹಬ್ಬಿತು. ಐಕಳದ ಕಾಂತಾಬಾರೆ–ಬೂದಾಬಾರೆ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ನೂರು ಮೀಟರಿಗೆ ಇಳಿಸಿದರೆ ಸುಮಾರು 9.56 ಸೆಕೆಂಡು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ ದಾಖಲೆ 9.58. ದೇಶವೇ ಹುಬ್ಬೇರಿಸಿತು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಅಂದರೆ ಜಗತ್ತು ಬೆರಗಾಗಿ ನೋಡುತ್ತಿದ್ದಂತೆಯೇ ಕರೆಯಲ್ಲಿ ಮೊದಲ ಸ್ಥಾನ ಕೈ ಬದಲಾಗಿತ್ತು!

ಈ ಹೋಲಿಕೆ ಸರಿಯೇ? ಬೋಲ್ಟ್ ಒಬ್ಬಂಟಿಯಾಗಿ, ನಿಂತ ನೆಲೆಯಿಂದ ತನ್ನ ಕಾಲಿನ ಬಲದಲ್ಲೇ ಹೊರಟವರು. ಕಂಬಳದ ಓಟಗಾರನ ಕೈಯಲ್ಲಿ ಹಗ್ಗವೋ ನೇಗಿಲೋ ಇರುತ್ತದೆ. ಮುಂದೆ ಎರಡು ಕೋಣಗಳ ಸೆಳೆತವಿರುತ್ತದೆ. ಇನ್ನೊಂದು ಕಡೆ, ಬೋಲ್ಟ್ ಓಡಿದ್ದು ಒಣ ಟ್ರ್ಯಾಕಿನಲ್ಲಿ, ಇವರು ಮೊಣಕಾಲಿಗೆ ಬರುವ ಕೆಸರುನೀರಿನಲ್ಲಿ. ಜತೆಗೆ, ದೂರ ಹೆಚ್ಚಾದಷ್ಟೂ ಆರಂಭದ ನಿಧಾನ ಸರಾಸರಿಯಲ್ಲಿ ಕರಗಿಹೋಗುತ್ತದೆ. ಎರಡು ಬೇರೆ ಪರೀಕ್ಷೆಗಳ ಅಂಕ ಕೂಡಿಸಿ ರ‍್ಯಾಂಕ್ ಕೊಟ್ಟಂತಾಯಿತು ಇದು. ಕ್ರೀಡಾ ಪ್ರಾಧಿಕಾರದವರು ಟ್ರ್ಯಾಕಿನ ಪರೀಕ್ಷೆಗೆ ಕರೆದಾಗ ಶ್ರೀನಿವಾಸ ಗೌಡರೇ, ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಮುಂಗಾಲಿನ ಕೆಲಸ, ಎರಡೂ ಬೇರೆ ಎಂದು ವಿನಯದಿಂದ ಹಿಂದೆ ಸರಿದರು. ತನ್ನ ಬಲ ಯಾವುದರಲ್ಲಿ ಎಂದು ತಿಳಿದಿರುವುದೂ ಒಂದು ವಿದ್ಯೆ. ಮಕ್ಕಳನ್ನು ಪಕ್ಕದ ಮನೆಯ ಮಕ್ಕಳೊಡನೆ ತೂಗುವ ತಂದೆತಾಯಿ ಈ ಮಾತನ್ನು ನೆನಪಿಡಬಹುದು.

ಇನ್ನೊಂದು ಪ್ರಶ್ನೆಯನ್ನು ಮುಚ್ಚಿಡುವಂತಿಲ್ಲ. ಈ ಸ್ಪರ್ಧೆಯಲ್ಲಿ ಸ್ಥಾನ ಬಯಸುವವರು ಮನುಷ್ಯರು, ಉಸಿರು ಬಿಗಿಹಿಡಿದು ಓಡುವುದು ಕೋಣಗಳು. ಜಲ್ಲಿಕಟ್ಟಿನ ಮೇಲೆ 2014ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2016ರ ನವೆಂಬರಿನಲ್ಲಿ ಹೈಕೋರ್ಟ್ ತಡೆ ನೀಡಿತು. 2017ರಲ್ಲಿ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಓಟಕ್ಕೆ ಅನುಮತಿ ಸಿಕ್ಕಿದೆ, ಹಿಂಸೆಗಲ್ಲ. ಬೆತ್ತ ಎಲ್ಲಿ ಗದರಿಕೆಯ ಸಾಧನ, ಎಲ್ಲಿ ಗಾಯದ ಸಾಧನ ಎಂಬ ಗೆರೆಯನ್ನು ಲೇಸರ್ ತೋರಿಸಲಾರದು. ಅದನ್ನು ನೋಡಬೇಕಾದವರು ತೀರ್ಪುಗಾರರು, ಯಜಮಾನರು, ಜತೆಗೆ ಕರೆಯ ಬದಿಯಲ್ಲಿ ಕೇಕೆ ಹಾಕುವ ಪ್ರೇಕ್ಷಕರು. ಅರ್ಧ ಗೇಣಿಗಾಗಿ ಕೋಣದ ಬೆನ್ನಿನಲ್ಲಿ ಬಾಸುಂಡೆ ಎದ್ದರೆ ಆ ಪವನಿಗೆ ಹೊಳಪಿಲ್ಲ.

ಗದ್ದೆಗಳೆಲ್ಲ ಅಡಿಕೆ ತೋಟಗಳಾಗುತ್ತಿರುವ ಸೀಮೆಯಿದು. ಉಳುಮೆಗೆ ಟಿಲ್ಲರ್ ಬಂದ ಮೇಲೆ ಕೋಣಗಳು ಹಟ್ಟಿಯಿಂದ ಮರೆಯಾದವು. ಸುಳ್ಯ, ಕಡಬದ ಎಷ್ಟೋ ಮಕ್ಕಳು ಉಳುವ ಕೋಣವನ್ನು ನೋಡಿಯೇ ಇಲ್ಲ. ಕಂಬಳದ ದಿನ ಪುತ್ತೂರಿಗೆ ಬಂದರೆ ಕೋಣ, ನೇಗಿಲು, ನೊಗ, ಕೆಸರು ಎಲ್ಲವನ್ನೂ ಒಂದೇ ಕಡೆ ನೋಡಬಹುದು. ನಿಲ್ಲುವುದಾದರೆ ಮಂಜೊಟ್ಟಿಯ ಹತ್ತಿರ, ಕಟ್ಟಿದ ಬೇಲಿಯ ಹೊರಗೇ ನಿಲ್ಲಬೇಕು. ಓಟ ಮುಗಿಸಿ ಇಳಿಜಾರು ಏರಿಬರುವ ಕೋಣಗಳನ್ನು ತಡೆದು ನಿಲ್ಲಿಸುವುದು ಅಲ್ಲಿಯೇ. ಸೋತ ಜೋಡಿಗೂ ಗೆದ್ದ ಜೋಡಿಗೂ ಅಲ್ಲಿ ಒಂದೇ ಉಪಚಾರ: ಮೈಮೇಲೆ ಕೊಡಪಾನ ನೀರು, ಕುತ್ತಿಗೆ ತಟ್ಟುವ ಕೈ.