ನಿಲ್ಲಲೊಲ್ಲದ ಹಾರ್ಡ್ ಡಿಸ್ಕು

ಕಳೆದ ಮೇ ತಿಂಗಳ ಒಂದು ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತಾಗ ಆ ಸದ್ದು ಮೊದಲ ಸಲ ಸರಿಯಾಗಿ ಕೇಳಿಸಿತು. ಬಳ್ಳಾರಿಯ ಬಾಡಿಗೆ ಕೋಣೆ. ಕಿಟಕಿ ತೆರೆದರೂ ಒಳಗೆ ಬರುವುದು ಬಿಸಿಗಾಳಿಯೇ. ಮೇಜಿನ ಮೇಲೆ ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ನಡೆಯುತ್ತಿತ್ತು, ಅದಕ್ಕೆ ಸಿಕ್ಕಿಸಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕು ಗುಂಯ್ ಎನ್ನುತ್ತಿತ್ತು. ಒಂದು ತಾಸಿನಿಂದ ನಾನು ಅದರಲ್ಲಿನ ಒಂದು ಫೈಲನ್ನೂ ತೆರೆದಿರಲಿಲ್ಲ. ಕೈಯಿಟ್ಟು ನೋಡಿದರೆ ಚಹದ ಲೋಟ ಹಿಡಿದಂತಿತ್ತು.

ಅದು ನಿಲ್ಲದಿರುವುದು ಹೊಸ ಸಂಗತಿಯೇನಲ್ಲ. ತೆಗೆಯಲು ಹೋದಾಗಲೆಲ್ಲ ಈ ಸಾಧನ ಬಳಕೆಯಲ್ಲಿದೆ ಎಂಬ ಸಂದೇಶ ಬರುತ್ತಿತ್ತು. ಎಲ್ಲವನ್ನೂ ಮುಚ್ಚಿ ಎರಡು ಸಲ ಪ್ರಯತ್ನಿಸುವುದು, ಮೂರನೆಯ ಸಲಕ್ಕೆ ವೈರನ್ನೇ ಎಳೆದುಬಿಡುವುದು ನನ್ನ ರೂಢಿಯಾಗಿತ್ತು. ಒಳಗಿನಿಂದ ಟಕ್ ಎಂದು ಒಂದು ಸದ್ದು. ಡಿಸ್ಕಿಗೆ ಏನೂ ಆದಂತೆ ಕಾಣುತ್ತಿರಲಿಲ್ಲ, ಹೀಗಾಗಿ ಎರಡು ವರ್ಷ ಹಾಗೇ ನಡೆಯಿತು.

ಅದರೊಳಗೆ ಇದ್ದದ್ದು ನನ್ನ ಪಿಎಚ್‌ಡಿಯ ಬಂಡವಾಳ. ಸಿರುಗುಪ್ಪ ಮತ್ತು ಕುರುಗೋಡು ಭಾಗದ ದೊಡ್ಡಾಟಗಳ ದಾಖಲೆ, ಸುಮಾರು ೯೦೦ ಜಿಬಿ. ರಾತ್ರಿ ಶುರುವಾಗಿ ಬೆಳಗಿನ ಮಂಗಳದವರೆಗೆ ನಡೆಯುವ ಒಂದು ಆಟ ನನ್ನ ಕ್ಯಾಮರಾದಲ್ಲಿ ೯೦ ಜಿಬಿ ತಿನ್ನುತ್ತಿತ್ತು, ಅದೂ ೪ ಜಿಬಿಯ ತುಂಡು ತುಂಡಾಗಿ. ೧೯೫೬ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ೨೪ ಇಂಚಿನ ೫೦ ತಟ್ಟೆಗಳಿದ್ದವು, ಹಿಡಿಯುತ್ತಿದ್ದದ್ದು ೪ ಎಂಬಿಗಿಂತ ಕಡಿಮೆ. ನಮ್ಮ ಒಂದು ಕರ್ಣಪರ್ವಕ್ಕೆ ಅಂಥವು ೨೪ ಸಾವಿರ ಬೇಕಾಗುತ್ತಿದ್ದವು. ಇತ್ತ ಇದೇ ಜಿಲ್ಲೆಯ ದರೋಜಿಯಲ್ಲಿ, ೨೦೧೪ರಲ್ಲಿ ತೀರಿಕೊಂಡ ಬುರ್ರಕಥಾ ಈರಮ್ಮ ಅಕ್ಷರ ಕಲಿಯದೆಯೇ ಕಾವ್ಯಗಳನ್ನೆಲ್ಲ ತಲೆಯಲ್ಲಿಟ್ಟುಕೊಂಡಿದ್ದರು. ನಾನು ಒಂದೇ ಡಬ್ಬಿಯನ್ನು ನಂಬಿ ಕೂತಿದ್ದೆ. ಎರಡನೆಯ ಪ್ರತಿ ಇರಲಿಲ್ಲ. ಫೆಲೋಶಿಪ್ ಬಂದ ಮೇಲೆ ಇನ್ನೊಂದು ಡಿಸ್ಕು ಕೊಳ್ಳೋಣ ಎಂದುಕೊಂಡವನು, ಬಂದ ಮೇಲೆ ಬೇರೆ ಏನೇನೋ ಕೊಂಡೆ.

ಆ ರಾತ್ರಿ ಸದ್ದು ಕಿವಿಗೆ ಬೀಳಲು ಕಾರಣವಿತ್ತು. ಅಂದು ಸಂಜೆ ಕುರುಗೋಡಿನಿಂದ ಫೋನು ಬಂದಿತ್ತು. ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದರ ಭಾಗವತರು, ನಾನು ತಾತ ಎನ್ನುತ್ತಿದ್ದವರು, ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಮಾತಾಡಿದ್ದು ಕುರುಗೋಡಿಗೆ ಕೊಟ್ಟ ಅವರ ಮಗಳು. “ಅಣ್ಣಾ, ಬರೋ ವಾರ ಅಪ್ಪಂದು ವರ್ಷದ ಕಾರ್ಯ ಐತಿ. ಫೋಟೋ ಅದಾವು. ದನಿ ಎಲ್ಲೂ ಇಲ್ಲ. ನಿನ್ ಹತ್ರ ಐತಲ್ಲ?” ಐತಕ್ಕಾ ಅಂದೆ. ಅಂದ ಮೇಲೆ ಹೆದರಿಕೆ ಶುರುವಾಯಿತು.

ಮರುದಿನ ಬೆಂಗಳೂರು ರಸ್ತೆಯ ಕಡೆ ಒಂದು ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಡಿಸ್ಕನ್ನು ಕಿವಿಗೆ ಹಿಡಿದು ಕೇಳಿ, “ಫಾರ್ಮ್ಯಾಟ್ ಹೊಡೆದುಬಿಡೋಣ್ರಿ ಅಣ್ಣಾ, ಎಲ್ಲಾ ಸರಿ ಆಗ್ತೈತಿ” ಅಂದ. ಡಿಸ್ಕು ಕಸಿದುಕೊಂಡವನಂತೆ ವಾಪಸ್ಸು ತಗೊಂಡು, ಅವನ ಹತ್ತಿರವೇ ಹೊಸದೊಂದು ಕೊಂಡುಬಂದೆ. ಹಾಸ್ಟೆಲಿನ ಗೆಳೆಯನೊಬ್ಬನಿಗೆ ಕಂಪ್ಯೂಟರು ಚೆನ್ನಾಗಿ ಗೊತ್ತು. ಅವನು ಹೇಳಿದ ಮೊದಲ ಮಾತು: ಯಾಕೆ ನಿಲ್ಲುತ್ತಿಲ್ಲ ಅಂತ ಈಗ ಹುಡುಕಬೇಡ, ತಿರುಗುತ್ತಿರುವಾಗಲೇ ಮೊದಲು ನಕಲು ಮಾಡಿಕೋ. ನನ್ನ ಹಳೆಯ ಲ್ಯಾಪ್‌ಟಾಪಿನ ಯುಎಸ್‌ಬಿ ಸೆಕೆಂಡಿಗೆ ೩೦ ಎಂಬಿಗಿಂತ ಹೆಚ್ಚು ಎಳೆಯುವುದಿಲ್ಲ. ರಾತ್ರಿ ಒಂಬತ್ತಕ್ಕೆ ಹಚ್ಚಿದರೆ ಬೆಳಗಿನ ಐದೂವರೆ ಆಯಿತು, ಸರಿಯಾಗಿ ಒಂದು ದೊಡ್ಡಾಟದ ಹೊತ್ತು. ಟೇಬಲ್ ಫ್ಯಾನನ್ನು ನನ್ನ ಕಡೆಯಿಂದ ಡಿಸ್ಕಿನ ಕಡೆ ತಿರುಗಿಸಿ ಕೂತಿದ್ದೆ.

ನಿಲ್ಲದಿರುವುದರ ಕಾರಣ ಹುಡುಕಿದ್ದು ಆಮೇಲೆ. ಪವರ್ ಸೆಟ್ಟಿಂಗಿನಲ್ಲಿ ೨೦ ನಿಮಿಷಕ್ಕೆ ಹಾರ್ಡ್ ಡಿಸ್ಕು ನಿಲ್ಲಿಸು ಎಂದು ಮೊದಲಿನಿಂದಲೇ ಇತ್ತು. ಆದರೆ ಆ ೨೦ ನಿಮಿಷ, ಯಾರೂ ಏನೂ ಕೇಳದಿದ್ದರೆ ಮಾತ್ರ. ಹತ್ತೊಂಬತ್ತನೆಯ ನಿಮಿಷಕ್ಕೆ ಯಾವುದೋ ತಂತ್ರಾಂಶ ಒಂದು ಅಕ್ಷರ ಓದಿದರೂ ಲೆಕ್ಕ ಮತ್ತೆ ಸೊನ್ನೆಯಿಂದ. ಯಾರು ಓದುತ್ತಿದ್ದಾರೆ ಎಂದು ತೋರಿಸುವ ಕಿಂಡಿಯೊಂದು ವಿಂಡೋಸಿನಲ್ಲೇ ಇದೆ, ರಿಸೋರ್ಸ್ ಮಾನಿಟರ್. ಅದರ ಡಿಸ್ಕ್ ವಿಭಾಗ ತೆರೆದು ನೋಡುತ್ತ ಕೂತೆ. ಹುಡುಕಾಟಕ್ಕೆ ಪಟ್ಟಿ ಮಾಡುವ ಇಂಡೆಕ್ಸಿಂಗ್, ಎರಡು ವರ್ಷದ ಹಿಂದೆ ಟಿಪ್ಪಣಿಗಳು ಬೇಗ ಸಿಗಲಿ ಎಂದು ಈ ಡಿಸ್ಕನ್ನು ಅದಕ್ಕೆ ಸೇರಿಸಿದವನು ನಾನೇ. ಅದನ್ನು ತೆಗೆದೆ. ವೈರಸ್ ಹುಡುಕುವ ತಂತ್ರಾಂಶ ತಾನೂ ಇಣುಕುತ್ತಿತ್ತು. ಅದರ ಹೊತ್ತು ಬದಲಿಸಿದೆ. ಆದರೂ ಡಿಸ್ಕು ನಿಲ್ಲಲಿಲ್ಲ.

ಕೆಲವು ಡಬ್ಬಿಗಳೊಳಗಿನ ಯುಎಸ್‌ಬಿ ಚಿಪ್ಪು ಕಂಪ್ಯೂಟರಿನ ‘ಮಲಗು’ ಎಂಬ ಆದೇಶವನ್ನು ಡಿಸ್ಕಿಗೆ ದಾಟಿಸುವುದೇ ಇಲ್ಲವಂತೆ. ನನ್ನದೂ ಅಂಥದ್ದೇ ಇರಬಹುದು ಅಂದ ಗೆಳೆಯ. ಕೈಬಿಡುವ ಮೊದಲು ಇವೆಂಟ್ ವ್ಯೂವರ್ ತೆಗೆದು, ಡಿಸ್ಕು ಹೊರತೆಗೆಯಲು ಯತ್ನಿಸಿ, ೨೨೫ ಎಂಬ ಸಂಖ್ಯೆಯ ನಮೂದು ಹುಡುಕಿದ. ಸಾಧನ ತೆಗೆಯದಂತೆ ತಡೆದ ತಂತ್ರಾಂಶದ ಹೆಸರು ಅದರಲ್ಲಿ ಬರೆದಿರುತ್ತದೆ. ನೋಡಿದರೆ ವಿಡಿಯೋ ಸಂಕಲನದ ತಂತ್ರಾಂಶ. ಒಮ್ಮೆ ಬಳಸಿ ಮರೆತದ್ದು, ಹಿನ್ನೆಲೆಯಲ್ಲಿ ತನ್ನ ಪಾಡಿಗೆ ಒಂದೊಂದೇ ಆಟ ತೆರೆದು ಚಿಕ್ಕ ಚಿತ್ರಗಳನ್ನು ಮಾಡಿ ಅದೇ ಡಿಸ್ಕಿಗೆ ಬರೆಯುತ್ತಿತ್ತು. ಎರಡು ವರ್ಷದಿಂದ ಆ ಆಟಗಳನ್ನು ರಾತ್ರಿಯಿಡೀ ನೋಡಿದ ಪ್ರೇಕ್ಷಕ ಅದೊಂದೇ. ನಾನು ಅಧ್ಯಾಯ ಬರೆಯುತ್ತಿದ್ದೆ.

ಅದನ್ನು ಅಳಿಸಿದ ಮೇಲೆ ಇಬ್ಬರೂ ಗಡಿಯಾರ ನೋಡುತ್ತ ಕೂತೆವು. ಇಪ್ಪತ್ತನೆಯ ನಿಮಿಷಕ್ಕೆ ಗುಂಯ್ ಎನ್ನುವುದು ಇಳಿಯುತ್ತ ಇಳಿಯುತ್ತ ನಿಂತಿತು. ಕೋಣೆ ಇಷ್ಟು ಮೌನವಾಗಿರಬಲ್ಲದೆಂದು ಗೊತ್ತಿರಲಿಲ್ಲ. ಹಾಗಾದರೆ ಎರಡೇ ನಿಮಿಷಕ್ಕೆ ನಿಲ್ಲುವಂತೆ ಮಾಡೋಣವೇ ಅಂದೆ. ಬೇಡ, ಪದೇ ಪದೇ ನಿಂತು ಏಳುವುದೂ ಅದಕ್ಕೆ ಸವೆತವೇ ಅಂದ.

ಆ ಟಕ್ ಸದ್ದಿನ ಗುಟ್ಟೂ ಅಂದೇ ತಿಳಿದದ್ದು. ಓದುವ ಮುಳ್ಳು ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ವೈರು ಕಿತ್ತಾಗ, ಇನ್ನೂ ತಿರುಗುತ್ತಿರುವ ತಟ್ಟೆಯ ವೇಗದಿಂದಲೇ ಚೂರು ವಿದ್ಯುತ್ತು ಮಾಡಿಕೊಂಡು ಡಿಸ್ಕು ಆ ಮುಳ್ಳನ್ನು ಅವಸರದಲ್ಲಿ ಬದಿಗೆ ಎಳೆದುಕೊಳ್ಳುತ್ತದೆ. ಮುಳ್ಳು ಉಳಿದರೂ ಬರೆಯುತ್ತಿದ್ದ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಮ್ಯಾಕ್ ಕಂಪ್ಯೂಟರಿನಲ್ಲೂ ನಡೆಯಲೆಂದು ನಾನು ಅದನ್ನು ಎಕ್ಸ್‌ಫ್ಯಾಟ್ ಮಾಡಿಸಿದ್ದೆ. ಎನ್‌ಟಿಎಫ್‌ಎಸ್‌ನಂತೆ ಬದಲಾವಣೆಗಳ ದಿನಚರಿ ಅದರಲ್ಲಿಲ್ಲ, ಅರ್ಧಕ್ಕೆ ಕಡಿದರೆ ಫೈಲು ಕೈತಪ್ಪುವುದು ಸುಲಭ.

ಕೈತಪ್ಪಿದ್ದವು ಮೂರು ಫೈಲುಗಳು. ಎರಡು ಜನಸಂದಣಿಯವು. ಮೂರನೆಯದು ತಾತ ಮನೆಯ ಕಟ್ಟೆಯ ಮೇಲೆ ಕೂತು, ತಮಗೆ ಕಲಿಸಿದ ಮಾಸ್ತರರ ಬಗ್ಗೆ ನಲವತ್ತು ನಿಮಿಷ ಹೇಳಿದ್ದು. ಫೈಲು ಕಳೆದುಹೋದವರಿಗಾಗಿ ಇರುವ ತಂತ್ರಾಂಶಗಳನ್ನೆಲ್ಲ ಓಡಿಸಿದೆವು. ಬರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅದರ ಒಂದೂವರೆ ಪುಟ ಇದೆ, ಗೀಚಿದಂತೆ.

ಕಾರ್ಯದ ದಿನ ಕರ್ಣಪರ್ವವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಕುರುಗೋಡು ಬಸ್ಸು ಹತ್ತಿದೆ. ಕಳೆದದ್ದನ್ನು ಹೇಗೆ ಹೇಳುವುದೆಂದು ದಾರಿಯಿಡೀ ಮಾತು ಜೋಡಿಸಿದೆ. ಊಟವಾದ ಮೇಲೆ ಟಿವಿಗೆ ಹಾಕಿದರು. ಹಿಮ್ಮೇಳದಲ್ಲಿ ತಾತ ತಾಳ ಹಿಡಿದು ಪದ ಎತ್ತಿಕೊಂಡರು. ಎಲ್ಲರೂ ಸುಮ್ಮನೆ ಕೇಳಿದರು. ಒಂದು ಕಡೆ ಅವರು ಪದ ನಿಲ್ಲಿಸಿ ಬಯ್ಯುತ್ತಾರೆ: “ಏಯ್ ಮದ್ದಳಿ, ತಡಿಯೋ, ಕರ್ಣ ಇನ್ನಾ ಉಸ್ರು ತಗಂಡಿಲ್ಲ!” ಅಕ್ಕ ನಕ್ಕುಬಿಟ್ಟಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇದು ಇನ್ನೊಮ್ಮೆ ಹಾಕು.” ನಾಲ್ಕು ಸಲ ಹಾಕಿದೆವು. ಆಮೇಲೆ ಕಟ್ಟೆಯ ಮೇಲಿನ ಮಾತಿನ ಸಂಗತಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಟಿವಿಯನ್ನೇ ನೋಡಿದಳು. “ಅದರಾಗ ಅವ್ವನ ಬಗ್ಗೆ ಏನರ ಅಂದಿದ್ನಾ?” ಅಂದಳು. ನನಗೆ ನೆನಪಿರಲಿಲ್ಲ. ಇಲ್ಲ ಅನ್ನಲಿಕ್ಕೂ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಅವಳ ಮಗ ಎದ್ದು ಹೋಗಿ ಪೆನ್‌ಡ್ರೈವಿಗೆ ಕೈ ಹಾಕಿದ. ಅದರ ತುದಿಯ ಕೆಂಪು ದೀಪ ಮಿನುಗುತ್ತಲೇ ಇತ್ತು. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಮನೆಯವರೆಲ್ಲ ತಿರುಗಿ ನೋಡಿದರು.

“ತಡಿಯೋ! ಟಿವಿ ಆರಿಸು ಮೊದ್ಲು. ದೀಪ ಆರೋತನಕ ಇರು.”