ಕ್ಯಾಮೆರಾ ಮುಗಿದ ಮೇಲಿನ ದಾರಿ

ಬೆಂಗಳೂರಿನಿಂದ ನಮ್ಮೂರು ಹಳೇಕೋಟೆಗೆ ಚನ್ನರಾಯಪಟ್ಟಣದ ಮೇಲೆ ಹೋಗೋದು ವಾಡಿಕೆ. ಈ ಸಂಕ್ರಾಂತಿಗೆ ಮೈಸೂರಿನಲ್ಲಿ ತಂಗಿಯನ್ನ ಹತ್ತಿಸಿಕೊಳ್ಳಬೇಕಿತ್ತು, ಹಾಗಾಗಿ ಎಕ್ಸ್‌ಪ್ರೆಸ್‌ವೇ ಹಿಡಿದೆ. ರಾಮನಗರ ದಾಟುವಾಗ ಗಮನಿಸಿದೆ: ರಸ್ತೆ ಖಾಲಿ ಇದ್ದರೂ ಅಕ್ಕಪಕ್ಕದ ಕಾರುಗಳು 100ರ ಆಸುಪಾಸಿನಲ್ಲೇ ಓಡ್ತಿದ್ದವು.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ 119 ಕಿ.ಮೀ. ರಸ್ತೆ ಮೊದಲು ಹೀಗಿರಲಿಲ್ಲ. ಆ ವರ್ಷದ ಮೊದಲ ಆರು ತಿಂಗಳಲ್ಲೇ ನೂರಕ್ಕೂ ಹೆಚ್ಚು ಜನ ಇಲ್ಲಿ ಸತ್ತರು. ಆಗಸ್ಟ್ 1ರಿಂದ ಬೈಕು, ಆಟೊಗಳನ್ನ ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಆಮೇಲೆ ಕ್ಯಾಮೆರಾಗಳು ಬಂದವು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್ ಅಂತಾಯ್ತು. ಸಾವು ಗಣನೀಯವಾಗಿ ಇಳಿಯಿತು. ಎಲ್ಲಾ ಕ್ಯಾಮೆರಾದ ಮಹಿಮೆ ಅಲ್ಲ, ಆದರೆ ಅದರ ಪಾಲು ದೊಡ್ಡದು. ಪೊಲೀಸಪ್ಪ ಊಟಕ್ಕೆ ಹೋಗ್ತಾನೆ, ಕ್ಯಾಮೆರಾ ಹೋಗಲ್ಲ. ನಂಬರ್ ಪ್ಲೇಟ್ ಓದುತ್ತೆ, ಚಲನ್ ಮೊಬೈಲಿಗೆ ಬರುತ್ತೆ. ದಂಡ ಎಷ್ಟು ಅನ್ನೋದಕ್ಕಿಂತ ಸಿಕ್ಕಿಬೀಳೋದು ಖಚಿತ ಅನ್ನೋದೇ ಕಾಲನ್ನ ಹಗುರ ಮಾಡುತ್ತೆ.

ಮೈಸೂರು ದಾಟಿ ಇಲವಾಲ, ಬಿಳಿಕೆರೆ, ಭೇರ್ಯ. ಹೊಳೆನರಸೀಪುರ ಹತ್ತಿರವಾದಂತೆ ತೆಂಗಿನ ತೋಟಗಳು ರಸ್ತೆಗೇ ಬಂದು ನಿಂತ ಹಾಗೆ. ಊರಿನ ಕಡೆಯ ಸಣ್ಣ ದಾರಿಗೆ ತಿರುಗಿದ ಮೇಲೆ ಒಂದು ಕ್ಯಾಮೆರಾನೂ ಕಣ್ಣಿಗೆ ಬೀಳಲಿಲ್ಲ. ಕಂಡದ್ದು ಬೇರೆ: ಅರ್ಧ ರಸ್ತೆಗೆ ಹರಡಿದ ಹುರುಳಿ, ವಾಹನಗಳೇ ತುಳಿದು ಒಕ್ಕಲಿ ಅಂತ. ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರ್. ಹೆಲ್ಮೆಟ್ಟಿಲ್ಲದೆ ಒಂದೇ ಬೈಕಿನಲ್ಲಿ ಮೂವರು ಹುಡುಗರು. ತಿರುವಿನಲ್ಲಿ ಮೇಯುತ್ತಿದ್ದ ದನ.

ನಿಯಮವೂ ಹಾಗೇ ಇದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಹೊರಡಿಸಿದ ಮೋಟಾರು ವಾಹನ ನಿಯಮ 167ಎ ಪ್ರಕಾರ ಕ್ಯಾಮೆರಾ ಬೇಕಿರೋದು ಅಪಾಯ ಹೆಚ್ಚಿರುವ ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಲ್ಲಿ, ದೊಡ್ಡ ನಗರಗಳ ಮುಖ್ಯ ಜಂಕ್ಷನ್‌ಗಳಲ್ಲಿ. ಹೋಬಳಿ ರಸ್ತೆಯ ಹೆಸರೇ ಅದರಲ್ಲಿಲ್ಲ.

ನಮ್ಮ ಕಡೆಗೆ ಇದು ಬರೀ ಕಾಗದದ ಮಾತಲ್ಲ. 2025ರ ಸೆಪ್ಟೆಂಬರ್ 12ರ ರಾತ್ರಿ, ಹಾಸನ ದಾರಿಯ ಮೊಸಳೆಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆಗೆ ಲಾರಿ ನುಗ್ಗಿತು. ಸತ್ತವರಲ್ಲಿ ಹೆಚ್ಚಿನವರು ಯುವಕರು. ಬಾಕಿ ಟ್ರಾಫಿಕ್ ದಂಡಕ್ಕೆ ಸರ್ಕಾರ ಕೊಟ್ಟಿದ್ದ ಅರ್ಧ ರಿಯಾಯಿತಿಯ ಕೊನೇ ದಿನವೂ ಅದೇ. ಆ ಲಾರಿಯನ್ನ ಕ್ಯಾಮೆರಾ ತಡೀತಿತ್ತು ಅಂತ ನಾನು ಹೇಳಲಾರೆ. ಕ್ಯಾಮೆರಾ ಬರೆದುಕೊಳ್ಳುತ್ತೆ, ಅಡ್ಡ ನಿಲ್ಲೋದಿಲ್ಲ. ಹೆದ್ದಾರಿಯಲ್ಲಿ ಮೆರವಣಿಗೆ ಸಾಗುವಾಗ ವಾಹನಗಳನ್ನ ಬೇರೆ ದಾರಿಗೆ ತಿರುಗಿಸಬೇಕು, ಬ್ಯಾರಿಕೇಡ್ ಹಾಕಬೇಕು. ಅದು ಮನುಷ್ಯರ ಕೆಲಸ.

ಊರಲ್ಲಿ ದೊಡ್ಡಪ್ಪನಿಗೆ ಎಕ್ಸ್‌ಪ್ರೆಸ್‌ವೇ ಶಿಸ್ತಿನ ಕಥೆ ಹೇಳಿದೆ. ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡರು. "ಅಲ್ಲಿ ದುಡ್ಡು ಹೋಗ್ತದೆ ಅಂತ ನಿಧಾನ ಹೋಗ್ತೀರ. ಇಲ್ಲಿ ಹೋದ್ರೆ ನಮ್ಮ ಜನವೇ ಹೋಗೋದು ಕಣ್ಲಾ ಮಗ" ಅಂದರು.

"ಮತ್ತೆ ಹುರುಳಿ ರಸ್ತೇಲಿ ಯಾಕೆ ದೊಡ್ಡಪ್ಪ?"

"ಕಣ ಮಾಡೋಕೆ ಜಾಗ ಎಲ್ಲಯ್ತೆ, ಆಳು ಎಲ್ಲವ್ರೆ?"

ಉತ್ತರ ಅಲ್ಲೇ ಇದೆ. ಊರಿಗೊಂದು ಕಾಂಕ್ರೀಟ್ ಕಣ, ಶಾಲೆ ಮುಂದೆ ಬಣ್ಣ ಬಳಿದ ಹಂಪ್, ಟ್ರೈಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ. ಗ್ರಾಮಸಭೆಯಲ್ಲಿ ಕೇಳಬಹುದಾದವು ಇವು, ಕ್ಯಾಮೆರಾಕ್ಕೆ ಕಾಯಬೇಕಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ನಾವೂ ಒಂದು ಅರ್ಜಿ ಬರೆದುಕೊಡಬಹುದು. ನಾನು ಹೊರಡೋ ದಿನ ಒಂದು ಬರೆದು ಪಂಚಾಯ್ತಿ ಆಫೀಸಿನಲ್ಲಿ ಕೊಟ್ಟು ಬಂದೆ. ಮೊದಲು ಕೇಳಿದ್ದು ಕಣವನ್ನೇ.